ವೈರಸ್ಸಿಗೊಂದು ಕೈಪಿಡಿ: ರಾಯಚೂರು ಆವೃತ್ತಿ

ಅಭಿನಂದನೆಗಳು! ನೀವು ಎಪ್‌ಸ್ಟೈನ್-ಬಾರ್ ವೈರಸ್. ಉಗಾಂಡಾದಿಂದ ಬಂದ ಗಡ್ಡೆಯ ಕೋಶಗಳೊಳಗೆ ಅವಿತಿದ್ದು, 1964ರಲ್ಲಿ ಲಂಡನ್ನಿನಲ್ಲಿ ಸಿಕ್ಕಿಬಿದ್ದವರು. ಬಳಕೆಗೆ ಮುನ್ನ ಪೂರ್ತಿ ಓದಿಕೊಳ್ಳಿ.

ಪ್ರವೇಶ: ದೇವದುರ್ಗದ ಕಡೆಯ ಅಜ್ಜಿಯೊಬ್ಬಳು ಜೋಳದ ರೊಟ್ಟಿಯ ಚೂರನ್ನು ತಾನೇ ಅಗಿದು, ಮೆತ್ತಗೆ ಮಾಡಿ, ಮೊಮ್ಮಗನ ಬಾಯಿಗಿಡುವ ಹೊತ್ತಿಗೆ ಕಾದಿರಿ. ಜೊಲ್ಲಿನ ಜೊತೆ ಹೊರಟುಬಿಡಿ. ಲೋಕದ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯೊಳಗೆ ನಿಮ್ಮವರು ಆಗಲೇ ಬಿಡಾರ ಹೂಡಿದ್ದಾರೆ. ಹೆಚ್ಚಿನವರಿಗೆ ಅದರ ಸುಳಿವೂ ಇಲ್ಲ.

ಬಿ ಕೋಶದೊಳಗೆ: ರಕ್ತದ ಬಿಳಿ ಕಣಗಳಲ್ಲೊಂದಾದ ಇದೇ ನಿಮ್ಮ ಬಿಡಾರ. ಇಲ್ಲಿ ಪಿ16, ಬಿಮ್ ಎಂಬ ಕಾವಲು ಜೀನ್‌ಗಳಿವೆ. ಮೊದಲನೆಯದು ಕೋಶದ ಅತಿಬೆಳವಣಿಗೆಗೆ ತಡೆ ಹಾಕುತ್ತದೆ; ಎರಡನೆಯದು ದಾರಿ ತಪ್ಪಿದ ಕೋಶವನ್ನು ಸಾಯಿಸುತ್ತದೆ. ಇವನ್ನು ಕಿತ್ತೆಸೆಯುವ ಒರಟುತನ ಬೇಡ. ಬೇಡದ ಅರ್ಜಿಯನ್ನು ಕಚೇರಿಯಲ್ಲಿ ಯಾರಾದರೂ ಹರಿದು ಹಾಕುತ್ತಾರೆಯೇ? ಕಟ್ಟಿನ ತಳಕ್ಕೆ ತಳ್ಳುತ್ತಾರೆ, ಅಷ್ಟೇ. ನೀವೂ ಇಬಿಎನ್‌ಎ3ಎ, ಇಬಿಎನ್‌ಎ3ಸಿ ಎಂಬ ಪ್ರೋಟೀನುಗಳಿಂದ ಅದನ್ನೇ ಮಾಡಿಸಿ. ಜೀನ್ ಅಲ್ಲೇ ಇರುತ್ತದೆ, ಒಂದಕ್ಷರವೂ ಅಳಿಸಿರುವುದಿಲ್ಲ, ಓದುವವರಿಲ್ಲ.

ಬಿ ಕೋಶದ ಕ್ಯಾನ್ಸರಾದ ಬರ್ಕಿಟ್ ಲಿಂಫೋಮಾದಲ್ಲಿ, ವೈರಸ್ ಇಲ್ಲದ ಗಡ್ಡೆಗಳಲ್ಲಿ 17ನೇ ವರ್ಣತಂತುವಿನ ಟಿಪಿ53 ಎಂಬ ಇನ್ನೊಂದು ಕಾವಲು ಜೀನ್ ಕೆಟ್ಟಿರುವುದು ಹೆಚ್ಚು, ನೀವಿರುವ ಗಡ್ಡೆಗಳಲ್ಲಿ ಕಡಿಮೆ. ಅರ್ಧ ಕೆಲಸ ನೀವು ಮುಂಚೆಯೇ ಮುಗಿಸಿಕೊಟ್ಟಿರುವುದರಿಂದ ಇರಬೇಕು.

ಎಚ್ಚರಿಕೆ: ಕ್ಯಾನ್ಸರ್ ನಿಮ್ಮ ಗುರಿಯಲ್ಲ. ಆಸಾಮಿ ಸತ್ತರೆ ನಿಮಗೂ ನೆಲೆಯಿಲ್ಲ. ತೆಪ್ಪಗಿರುವುದೇ ನಿಮ್ಮ ಕಸುಬು. (ಇದನ್ನು ನೆನಪಿನಲ್ಲಿಟ್ಟುಕೊಂಡ ವೈರಸ್ಸುಗಳೇ ಹೆಚ್ಚು ಎಂಬುದು ಮನುಷ್ಯರ ಪುಣ್ಯ.) ಆದರೆ ಮಲೇರಿಯಾ ಮೇಲಿಂದ ಮೇಲೆ ಕಾಡಿದಲ್ಲಿ, ಎಚ್‌ಐವಿ ಹೊಕ್ಕಲ್ಲಿ, ನಿಮ್ಮನ್ನು ಹದ್ದುಬಸ್ತಿನಲ್ಲಿಡುವ ಟಿ ಕೋಶಗಳು ಸೋಲುತ್ತವೆ. ಅದರ ಮೇಲೆ ಕೋಶವನ್ನು ಬೆಳೆಸುವ, 8ನೇ ವರ್ಣತಂತುವಿನ ಎಂವೈಸಿ ಜೀನ್ ಹೋಗಿ 14ನೆಯದಕ್ಕೆ ಅಂಟಿಕೊಂಡಿತೋ, ಕೋಶ ನಿಮ್ಮ ಮಾತನ್ನೂ ಕೇಳುವುದಿಲ್ಲ.

ತಲೆಮರೆಸಿಕೊಳ್ಳುವುದು: ಮಾನ್ವಿಯಲ್ಲಿ ಕುತ್ತಿಗೆ ಊದಿಕೊಂಡರೆ ಮೊದಲ ಗುಮಾನಿ ಟಿಬಿಯದು. ಬಹಳ ಸಲ ಅದು ನಿಜವೂ ಹೌದು. ಪರೀಕ್ಷೆಯಿಲ್ಲದೆ ಗುಳಿಗೆ ಶುರುವಾದರೆ ನಿಮಗೆ ತಿಂಗಳುಗಟ್ಟಲೆ ನಿಶ್ಚಿಂತೆ. ಸೂಜಿಯಲ್ಲಿ ಎಳೆದ ಚೂರುಪಾರಿನಲ್ಲೂ ಕೆಲವೊಮ್ಮೆ ನುಣುಚಿಕೊಳ್ಳಬಹುದು. ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿಗೆ ಕಳಿಸಿ, ಇಬಿಇಆರ್ ಪರೀಕ್ಷೆಯನ್ನೂ ಮಾಡಿಸಿದರೆ ಮಾತ್ರ ಕಷ್ಟ: ನಿಮ್ಮ ಆರ್‌ಎನ್‌ಎ ಕೋಶಕೇಂದ್ರದಲ್ಲಿ ಗಾಢ ಬಣ್ಣ ಹಿಡಿದು ಎದ್ದು ಕಾಣುತ್ತದೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡು ಆಸಾಮಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತಿದರೆ ಈ ಕೈಪಿಡಿಯ ಗ್ಯಾರಂಟಿ ಅಲ್ಲಿಗೆ ರದ್ದು.