ಅರ್ಧ ಸುತ್ತು, ಪೂರ್ತಿ ತಲೆಸುತ್ತು

(ಮಧ್ಯಾಹ್ನ. ಹೋಳಿಗೆ ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ಒರಗಿದ್ದ ನಿವೃತ್ತ ಮೇಷ್ಟ್ರು ರಾಯರು, ಪಂಚಾಯ್ತಿ ನೀರುಗಂಟಿ ಮಾದಪ್ಪನನ್ನು ಬೀದಿಯಲ್ಲಿ ಕಂಡು ದಡಕ್ಕನೆ ಎದ್ದರು. ಎದ್ದಷ್ಟೇ ಬೇಗ ಕೂತರು. ಸೊಸೆ ಗೌರಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ಹೆಂಡತಿ ಸೀತಮ್ಮ ಅಡುಗೆಮನೆಯಲ್ಲಿ.)

ರಾಯರು: ಅಯ್ಯೋ, ಕಣ್ಣು ಕತ್ತಲೆ ಬಂತು! ಮಾದಪ್ಪಾ, ಎರಡು ದಿನದಿಂದ ನಲ್ಲೀಲಿ ನೀರಿಲ್ಲ, ಈಗ ತಲೇಲಿ ರಕ್ತವೂ ಇಲ್ಲ. ಎಲ್ಲಾ ನಿನ್ನಿಂದ!

ಮಾದಪ್ಪ: ರಕ್ತದ ವಾಲ್ವು ನನ್ನ ಡ್ಯೂಟಿಗೆ ಬರಲ್ಲ ಸ್ವಾಮಿ.

ಗೌರಿ: ಹಾಗೆ ದಡಕ್ಕನೆ ಏಳಬಾರದು ಮಾವ. ನಿಂತ ತಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿನ ಕಡೆ ಇಳಿಯುತ್ತೆ. ಹೃದಯಕ್ಕೆ ವಾಪಸ್ ಬರೋದು ಕಡಿಮೆಯಾಗಿ ಪ್ರೆಶರ್ ಬೀಳುತ್ತೆ.

ಮಾದಪ್ಪ: ಟ್ಯಾಂಕಿನ ನೀರೆಲ್ಲ ಕೆಳಗಿನ ಕೇರಿಗೇ ನುಗ್ಗಿದ ಹಾಗೆ!

ಗೌರಿ: ಹೂಂ. ಅದಕ್ಕೇ ಕತ್ತಿನ ಎರಡೂ ಕಡೆಯ ಕೆರೋಟಿಡ್ ನಾಳದಲ್ಲಿ, ಎದೆಯೊಳಗಿನ ಮಹಾಧಮನಿಯ ಬಾಗಿನಲ್ಲಿ ಕಾವಲು ನರಗಳಿವೆ. ನಾಳದ ಗೋಡೆ ಎಷ್ಟು ಹಿಗ್ಗಿದೆ ಅಂತ ನೋಡೋದೇ ಅವುಗಳ ಕೆಲಸ. ಹಿಗ್ಗು ಕಡಿಮೆಯಾದರೆ ಮೆದುಳಿನ ಬುಡಕ್ಕೆ ಸುದ್ದಿ. ಅಲ್ಲಿಂದ ಹೃದಯಕ್ಕೆ ‘ಬೇಗ ಬಡಿ’, ಸಣ್ಣ ನಾಳಗಳಿಗೆ ‘ಬಿಗಿ ಹಿಡಿ’ ಅಂತ ಆಜ್ಞೆ. ಎಲ್ಲಾ ಕೆಲವೇ ಸೆಕೆಂಡಲ್ಲಿ.

ರಾಯರು: ಅರ್ಜಿ ಇಲ್ಲ, ರುಜು ಇಲ್ಲ! ಮತ್ತೆ ನನಗ್ಯಾಕೆ ತಲೆಸುತ್ತು?

ಗೌರಿ: ನಿಮ್ಮ ಕಾವಲುಗಾರನಿಗೂ ನಿಮ್ಮಷ್ಟೇ ವಯಸ್ಸು, 72. ಓಟ ನಿಧಾನ. ಜೊತೆಗೆ ಊಟ ಆದಮೇಲೆ ರಕ್ತ ಹೊಟ್ಟೆ ಕಡೆ ಹೆಚ್ಚು ಹರಿಯುತ್ತೆ. ಎಷ್ಟು ಹೋಳಿಗೆ ತಿಂದ್ರಿ?

ರಾಯರು: ಮೂರೇ.

ಸೀತಮ್ಮ: (ಅಡುಗೆಮನೆಯಿಂದ) ಐದು!

ರಾಯರು: ಹೊಟ್ಟೆಗೆ, ತಲೆಗೆ, ಕಾಲಿಗೆ, ಎಲ್ಲಾದಕ್ಕೂ ಒಟ್ಟಿಗೆ ಬಿಟ್ಟರೆ ಏನಂತೆ?

ಮಾದಪ್ಪ: ಎಲ್ಲಾ ವಾಲ್ವೂ ಒಟ್ಟಿಗೆ ತೆಗೆದರೆ ಯಾರ ನಲ್ಲೀಲೂ ಬರಲ್ಲ ಸ್ವಾಮಿ. ಇಪ್ಪತ್ತು ವರ್ಷದಿಂದ ಇದನ್ನೇ ಬಡ್ಕೊಳ್ತಿದೀನಿ.

ಗೌರಿ: ಸರಿಯಾಗಿ ಹೇಳಿದೆ. ಮೈಯಲ್ಲಿರೋದೇ ಸುಮಾರು 5 ಲೀಟರ್ ರಕ್ತ. ದುಡಿಯೋ ಅಂಗಕ್ಕೆ ಜಾಸ್ತಿ, ಸುಮ್ಮನಿರೋದಕ್ಕೆ ಕಡಿಮೆ. ಮೆದುಳಿಗೆ ಮಾತ್ರ ಸರದಿ ಇಲ್ಲ. ಪ್ರೆಶರ್ ಸ್ವಲ್ಪ ಇಳಿದರೆ ತನ್ನ ನಾಳ ತಾನೇ ಅಗಲಿಸಿಕೊಳ್ಳುತ್ತೆ. ನಾಳದ ಅಗಲ ಅರ್ಧ ಆಯ್ತು ಅಂದರೆ ಹರಿವು ಅರ್ಧ ಅಲ್ಲ, ಹದಿನಾರರಲ್ಲಿ ಒಂದು ಪಾಲು!

ಮಾದಪ್ಪ: ಹದಿನಾರರಲ್ಲಿ ಒಂದಾ! ಅದಕ್ಕೇ ಮತ್ತೆ, ನಾನು ಬರೀ ಅರ್ಧ ಸುತ್ತು ತಿರುಗಿಸಿದ್ದಕ್ಕೆ ಈ ಬೀದೀಲಿ ಹನಿ ನೀರೂ... (ನಾಲಿಗೆ ಕಚ್ಚಿಕೊಂಡ.)

ರಾಯರು: ಏನಂದೆ?

ಮಾದಪ್ಪ: ಅಧ್ಯಕ್ಷರ ಮನೇಲಿ ನಾಮಕರಣ ಸ್ವಾಮಿ. ನಿಮ್ಮ ಹೊಟ್ಟೆಗೆ ಹೋಳಿಗೆ ಬಿತ್ತಲ್ಲ, ಹಾಗೆ ಅಂದ್ಕೊಳ್ಳಿ.

ಗೌರಿ: (ಬಿ.ಪಿ. ಯಂತ್ರ ತಂದು) ಜಗಳ ಆಮೇಲೆ. ಪಾದ ನೆಲಕ್ಕೆ ಊರಿ 5 ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಮಾತಾಡಿದರೂ ಪ್ರೆಶರ್ ಏರುತ್ತೆ.

ಮಾದಪ್ಪ: ಮೇಷ್ಟ್ರು ಐದು ನಿಮಿಷ ಸುಮ್ಮನೆ? ಡಂಗುರ ಹೊಡಿಸಬೇಕು!

(ಆ ಐದು ನಿಮಿಷದಲ್ಲಿ ಅವನು ಮೆಲ್ಲಗೆ ಹೋಗಿ ವಾಲ್ವು ತಿರುಗಿಸಿ ಬಂದ.)

ಗೌರಿ: ಕೂತಾಗ 158/92. ಈಗ ನಿಧಾನವಾಗಿ ನಿಂತ್ಕೊಳ್ಳಿ... 132/80. ಸಾಕು, ಕೂತ್ಕೊಳ್ಳಿ.

ರಾಯರು: 158ಆ! ತಲೆ ಸುತ್ತೋದು ಲೋ ಬಿ.ಪಿ. ಅಂತ ಹದಿನೈದು ದಿನದಿಂದ ಮಾತ್ರೆ ಬಿಟ್ಟು ಉಪ್ಪಿನಕಾಯಿ ಹಿಡಿದಿದ್ದೆನಲ್ಲ!

ಗೌರಿ: ಕೂತಾಗ ಏರಿಕೆ, ನಿಂತಾಗ ಕುಸಿತ, ಎರಡೂ ಒಬ್ಬರಲ್ಲೇ ಇರಬಹುದು ಮಾವ. ನಿಂತಾಗ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಮಾತ್ರೆ ಯಾವುದು, ಎಷ್ಟು ಅಂತ ಅವರು ನೋಡ್ತಾರೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪು ನೀರನ್ನ ಮೈಯಲ್ಲೇ ಹಿಡಿದಿಡುತ್ತೆ. ಅದನ್ನ ಹೊರಗೆ ಹಾಕೋ ಪಾಡು ಮೂತ್ರಪಿಂಡದ್ದು.

ರಾಯರು: ಇಷ್ಟು ಏರಿದ್ದರೂ ಕಾವಲುಗಾರ ಯಾಕೆ ಕೂಗಲಿಲ್ಲ?

ಗೌರಿ: ವರ್ಷಗಟ್ಟಲೆ ಏರಿಯೇ ಇದ್ದರೆ ಅವನಿಗೆ ಅದೇ ಸರಿ ಅನ್ನಿಸಿಬಿಡುತ್ತೆ.

ಮಾದಪ್ಪ: ಸೋರೋ ಪೈಪಿಗೆ ಊರೇ ಒಗ್ಗಿಹೋದ ಹಾಗೆ.

ಗೌರಿ: ಅದಕ್ಕೇ ‘ಏನೂ ಅನ್ನಿಸ್ತಿಲ್ಲ’ ಅನ್ನೋದನ್ನ ನಂಬಬಾರದು. ಅಳೆದೇ ನೋಡಬೇಕು.

ಸೀತಮ್ಮ: ರೀ, ನೀರು ಬಂತು!

(ರಾಯರು ದಡಕ್ಕನೆ ಏಳಹೊರಟರು.)

ಗೌರಿ: ಮಾವಾ! ಮೊದಲು ಪಾದ ಹತ್ತು ಸಲ ಆಡಿಸಿ. ಮೀನಖಂಡ ಹಿಂಡಿದರೆ ರಕ್ತ ಮೇಲೇರುತ್ತೆ. ನೀರೆಲ್ಲಿ ಓಡಿಹೋಗುತ್ತೆ?

ರಾಯರು: ಅಧ್ಯಕ್ಷರ ಮನೆಗೆ! (ಪಾದ ಆಡಿಸುತ್ತ) ಎಂಟು, ಒಂಬತ್ತು, ಹತ್ತು. ನೋಡು ಮಾದಪ್ಪ, ಇನ್ಮೇಲೆ ಡಾಕ್ಟರನ್ನ ಕೇಳದೆ ನಾನು ನನ್ನ ಮಾತ್ರೆ ನಿಲ್ಲಿಸಲ್ಲ. ಬೀದಿಯವರನ್ನ ಕೇಳದೆ ನೀನು ವಾಲ್ವು ಮುಟ್ಟಬೇಡ.