ತಿಟ್ಟಣ್ಣನ ಕೆಮಿ

ಬ್ರಹ್ಮಾವರದಿಂದ ಬೈಂದೂರಿಗೆ ಹೊರಟ ಬಸ್ಸಿನಲ್ಲಿ ಡ್ರೈವರು ‘ಸಲಾರ್’ ಹಾಡು ಹಾಕುತ್ತಾನೆ. ಕಿಟಕಿ ಗಾಜು ಗಡಗಡ ಎನ್ನುತ್ತದೆ. ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಬುಟ್ಟಿಯನ್ನು ಎರಡೂ ಕಾಲಿನಿಂದ ಅಮರಿಕೊಳ್ಳುತ್ತಾಳೆ. ಆಗ ಹಿಂದಿನ ಸೀಟಿನಿಂದ ‘ಚ್ಚ್’ ಎಂದು ಲೊಚಗುಟ್ಟಿದ ಸದ್ದು ಬಂತೋ, ತಿರುಗಿ ನೋಡುವ ಕೆಲಸವೇ ಇಲ್ಲ. ಅಲ್ಲಿ ತಿಟ್ಟಣ್ಣ ಕೂತಿದ್ದಾರೆ.

ಆ ಲೊಚಗುಟ್ಟಿನಲ್ಲಿ ಸಿಟ್ಟಿಲ್ಲ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗನ ಬೆನ್ನು ಸವರಿ ‘ಸೊರ್ಗಿದ್ಯಲೆ ಮಗಾ’ ಎನ್ನುವ ತಾಯಿಯ ಸಂಕಟವಿದೆ. ಮಗ ಎಂಟು ಕಿಲೋ ಜಾಸ್ತಿಯಾಗಿ ಬಂದಿದ್ದರೂ ತಾಯಿ ಅದನ್ನೇ ಹೇಳುತ್ತಾಳೆ. ತಿಟ್ಟಣ್ಣನೂ ಹಾಗೇ.

“ಉಗ್ರಂ ಟೈಮಲ್ ಹಿಂಗ್ ಇರ್ಲಿಲ್ಲ ಮರ್ರೆ.”

ತಿಟ್ಟಣ್ಣ ಎಂಬುದು ನಾನಿಟ್ಟ ಹೆಸರು. ಒಬ್ಬರಿಗಲ್ಲ, ಒಂದು ಜಾತಿಗೆ. ಹೆದ್ದಾರಿ 66ರ ಸುಮಾರು 55 ಕಿಲೋಮೀಟರಿನಲ್ಲಿ, ಸಾಲಿಗ್ರಾಮ, ಕೋಟ, ಕೋಟೇಶ್ವರ, ಹೆಮ್ಮಾಡಿ, ತ್ರಾಸಿ, ಉಪ್ಪುಂದ ಎಂದು ಎಲ್ಲಿ ಇಳಿದರೂ ಸ್ಟಾಪಿಗೊಬ್ಬರಂತೆ ಸಿಗುತ್ತಾರೆ. ಐವತ್ತು ದಾಟಿದ ಪ್ರಾಯ. ಒಂದಷ್ಟು ವರ್ಷ ಬೊಂಬಾಯಿಯಲ್ಲೋ ಬೆಂಗಳೂರಿನಲ್ಲೋ ಹೋಟೆಲಿನ ಗಲ್ಲೆಯಲ್ಲಿ ಕೂತು ಊರಿಗೆ ಮರಳಿದವರು. ಹೆಡ್‌ಸೆಟ್ಟನ್ನು ಒಂದೇ ಕಿವಿಗೆ ಹಾಕುತ್ತಾರೆ. ಇನ್ನೊಂದು ಕಿವಿ, ಕುಂದಾಪ್ರ ಕನ್ನಡದಲ್ಲಿ ಹೇಳುವುದಾದರೆ ಇನ್ನೊಂದು ಕೆಮಿ, ಊರವರ ಅಭಿಪ್ರಾಯ ಕೇಳಿ ತಳ್ಳಿಹಾಕುವುದಕ್ಕೆ ಖಾಲಿ ಇರಬೇಕಲ್ಲ.

ಅವರ ಅಧ್ಯಯನದ ವಸ್ತು ಒಂದೇ: ರವಿ ಬಸ್ರೂರು. ಕುಂದಾಪುರದ ಪಕ್ಕದ ಬಸ್ರೂರಿನಲ್ಲಿ ಹುಟ್ಟಿ, ಕಿರಣ್ ಎಂಬ ಹೆಸರನ್ನು ಬಿಟ್ಟು, ಕಷ್ಟಕಾಲದಲ್ಲಿ ಕೈಹಿಡಿದ ಒಬ್ಬರ ಹೆಸರನ್ನೇ ತನ್ನದಾಗಿಸಿಕೊಂಡ ಸಂಗೀತ ನಿರ್ದೇಶಕ. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಬಸ್ರೂರನ್ನು ಲೂಟಿ ಮಾಡಿ ಹೋದದ್ದು ಬಿಟ್ಟರೆ ಆ ಊರಿನ ಹೆಸರು ಉತ್ತರ ದೇಶದವರ ಬಾಯಲ್ಲಿ ಬಂದದ್ದು ‘ಕೆಜಿಎಫ್’ ದೆಸೆಯಿಂದಲೇ ಎಂದು ತಿಟ್ಟಣ್ಣನ ಅಂಬೋಣ. ಸದ್ದಿನ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲವೆಂದೂ ಸೇರಿಸುತ್ತಾರೆ.

ಚರಿತ್ರೆಕಾರರು ಕದಂಬರು, ಆಳುಪರು ಎಂದು ಕಾಲ ವಿಂಗಡಿಸಿದಂತೆ ತಿಟ್ಟಣ್ಣನಲ್ಲೂ ವಿಂಗಡಣೆಯಿದೆ. 2014ರ ‘ಉಗ್ರಂ’ ಕೃತಯುಗ. 2017ರ ‘ಮಫ್ತಿ’ ತ್ರೇತಾಯುಗ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಮೊದಲ ಭಾಗದೊಂದಿಗೆ ದ್ವಾಪರ ಶುರು. ಅದರಲ್ಲಿ ಅನನ್ಯಾ ಭಟ್ ಹಾಡಿದ ತಾಯಿಯ ಹಾಡೊಂದಿದ್ದ ಕಾರಣಕ್ಕೆ ದ್ವಾಪರವನ್ನು ಕ್ಷಮಿಸಿದ್ದಾರೆ. 2022ರ ಎರಡನೇ ಭಾಗ, 2023ರ ‘ಸಲಾರ್’ ಎಲ್ಲ ಕಲಿಯುಗ. ಕಲಿಯುಗದ ಲಕ್ಷಣ ಏನು ಎಂದು ಕೇಳಿದರೆ ಎರಡೇ ಶಬ್ದ: “ಕೋರಸ್ ಜಾಸ್ತಿ.”

ಮೊದಲು ಒಬ್ಬ ಹಾಡುತ್ತಿದ್ದ, ಆಮೇಲೆ ಹತ್ತು ಜನ, ಈಗ ಒಂದು ಇಡೀ ಗ್ರಾಮ ಪಂಚಾಯತಿ ಹಾಡುತ್ತದೆ ಎಂಬುದು ಅವರ ದೂರು. ಆ ಹತ್ತು ಜನರಲ್ಲಿ ಊರವರ ಗಂಟಲೂ ಇದೆ, ಎರಡನೇ ಭಾಗದಲ್ಲಿ ‘ಗಗನ ನೀ’ ಹಾಡಿದ್ದು ಸುಚೇತಾ ಬಸ್ರೂರು ಎಂದು ನೆನಪಿಸಿದರೆ ತಕ್ಷಣ ತಿದ್ದಿಕೊಳ್ಳುತ್ತಾರೆ: “ಅದ್ ಲಾಯ್ಕ್ ಇತ್ತ್. ನಾನ್ ಬಾಕಿದ್ ಹೇಳುದ್.”

ತಿಟ್ಟಣ್ಣ ಎಂಬ ಹೆಸರು ಯಾಕೆ ಇಟ್ಟೆನೆಂದರೆ, ಸಂಗೀತದ ಶೈಲಿ, ಸೌಂಡು, ಪ್ರೊಡಕ್ಷನ್ ಎಂದು ಪೇಟೆಯ ಹುಡುಗರು ಹೇಳುವುದಕ್ಕೆಲ್ಲ ಇವರಲ್ಲಿ ಒಂದೇ ಪದ: ತಿಟ್ಟು. “ಅವ್ನ್ ತಿಟ್ಟೇ ಬದ್ಲ್ ಆಯ್ತ್” ಎನ್ನುತ್ತಾರೆ. ತಪ್ಪೇನೂ ಅಲ್ಲ. ಯಕ್ಷಗಾನದ ಬಡಗುತಿಟ್ಟಿನೊಳಗೇ ಹಾರಾಡಿ ತಿಟ್ಟು, ಮಟ್ಪಾಡಿ ತಿಟ್ಟು ಎಂದು ಎರಡು ಕವಲು ಒಡೆದದ್ದು ಈ ಮಣ್ಣಿನಲ್ಲೇ. ಹಾರಾಡಿ, ಮಟ್ಪಾಡಿ ಎರಡೂ ಬ್ರಹ್ಮಾವರದ ಪಕ್ಕದ ಊರುಗಳು. ಒಂದು ಊರಿನಲ್ಲಿ ಚಾ ಕುಡಿದು ಇನ್ನೊಂದರಲ್ಲಿ ಎಲೆ ಹಾಕಿಕೊಳ್ಳುವಷ್ಟೇ ದೂರ. ಆ ದೂರದಲ್ಲೇ ಎರಡು ಶೈಲಿ! ಹಾರಾಡಿ ರಾಮ ಗಾಣಿಗರ ರಂಗಪ್ರವೇಶ ಹೆಚ್ಚೋ, ಮಟ್ಪಾಡಿಯ ವೀರಭದ್ರ ನಾಯಕರ ಹೆಜ್ಜೆ ಹೆಚ್ಚೋ ಎಂದು ಬೆಳಗಿನವರೆಗೆ ಆಟ ನೋಡಿ, ಮಧ್ಯಾಹ್ನದವರೆಗೆ ಗದ್ದೆಯ ಅಂಚಿನಲ್ಲಿ ನಿಂತು ಜಗಳಾಡಿದ ಅಜ್ಜಂದಿರ ಮೊಮ್ಮಕ್ಕಳು ಇವರು. 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲೂಕುಗಳಾದದ್ದು ಸರ್ಕಾರದ ಕಾಗದದಲ್ಲಿ. ಜಗಳಕ್ಕೆ ಎಲ್ಲವೂ ಒಂದೇ ತಾಲೂಕು.

ತಿಟ್ಟಣ್ಣನ ಕೆಮಿಯ ಶಕ್ತಿ ದೊಡ್ಡದು. ಯಾವ ಹಾಡು ಹಾಕಿದರೂ ಅದರೊಳಗೆ ಅವರಿಗೆ ಚಂಡೆ ಕೇಳುತ್ತದೆ. ‘ಮಾರ್ಕೊ’ ಎಂಬ ಮಲಯಾಳಂ ಸಿನೆಮಾಕ್ಕೆ ಬಸ್ರೂರರು ಸಂಗೀತ ಕೊಟ್ಟಾಗ, ಅಲ್ಲಿ ಗುಂಡು, ಗರಗಸ, ಕಿರುಚಾಟದ ನಡುವೆಯೂ ಇವರಿಗೆ ಚಂಡೆ ಕೇಳಿತು. ನಮಗೆ ಕೇಳಲಿಲ್ಲ. “ಅದ್ ಅಡಿಯಂಗ್ ಇತ್ತ್” ಎಂದರು. ಅಡಿಯಲ್ಲಿರುವುದು ಹೇಗೆ ಕೇಳುತ್ತದೆ ಎಂದರೆ, ಹಂಡೆಯ ಅಡಿಯಲ್ಲಿ ಬೆಂಕಿ ಇರುವುದು ಕಾಣದಿದ್ದರೂ ನೀರು ಬಿಸಿಯಾಗುವುದಿಲ್ಲವೇ ಎಂದು ಮರುಪ್ರಶ್ನೆ. ಬಚ್ಚಲಿನ ಉಪಮೆಗೆ ಉತ್ತರ ಕೊಡುವ ಧೈರ್ಯ ಯಾರಿಗಿದೆ?

ಒಂದು ಮಳೆಗಾಲದ ಸಂಜೆ ತ್ರಾಸಿಯ ಚಾದಂಗಡಿಯಲ್ಲಿ ಕೂತಿದ್ದೆವು. ಕರೆಂಟು ಹೋಗಿತ್ತು. ದೂರದಿಂದ ‘ಧಡ್’ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ‘ಧಡ್’. ತಿಟ್ಟಣ್ಣ ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಕೇಣಿ. ಇದ್ ಕೆಜಿಎಫ್ ಎರಡ್ನೇದ್. ಈಗ ಕೋರಸ್ ಬತ್ತ್ ಕಾಣಿ.”

ಕೋರಸ್ಸಿಗೆ ಕಾದೆವು. ಗೋಳಿಬಜೆ ಆರಿತು. ಕೋರಸ್ ಬರಲಿಲ್ಲ. ಅಷ್ಟರಲ್ಲಿ ಒದ್ದೆ ಕೊಡೆ ಮಡಚುತ್ತ ಒಳಬಂದವನೊಬ್ಬ, ಮರವಂತೆಯಲ್ಲಿ ಕಡಲ್ಕೊರೆತಕ್ಕೆ ಟಿಪ್ಪರಿನವರು ಬಂಡೆಕಲ್ಲು ಸುರಿಯುತ್ತಿದ್ದಾರೆ ಎಂದು ಸುದ್ದಿ ಹೇಳಿದ. ಯಾರೂ ನಗಲಿಲ್ಲ, ನಗು ತಡೆಯಲು ಎಲ್ಲರೂ ಚಾ ಲೋಟದೊಳಗೆ ಮುಖ ಹುದುಗಿಸಿದ್ದರು. ತಿಟ್ಟಣ್ಣ ಮಾತ್ರ ಅಲುಗಲಿಲ್ಲ.

“ಅದೇ ಹೇಳುದ್ ನಾನ್. ಈ ಕಲ್ಲ್, ಈ ಕಡಲ್. ಇದನ್ನೇ ಕೇಂಡ್ ಕೇಂಡ್ ದೊಡ್ಡ ಆದವ ಅವ.”

“ಬಸ್ರೂರಿಗೆ ಕಡಲ್ ಎಲ್ಲಿತ್ತ್ ಮರ್ರೆ?”

“ಹೊಳಿ ಇತ್ತಲೆ! ಹೊಳಿಲ್ ಬತ್ತ್ ಸದ್ದ್.”

ಇದೇ ತಿಟ್ಟಣ್ಣನಿಗೆ ಒಬ್ಬ ಅಳಿಯನಿದ್ದಾನೆ. ತಂಗಿಯ ಮಗ. ಬೈಂದೂರಿನ ಮನೆಯ ಅಟ್ಟದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಿಪ್‌ಹಾಪ್ ಬೀಟು ಕಟ್ಟುತ್ತಾನೆ. ಚಂದನ್ ಶೆಟ್ಟಿ, ಆಲ್ ಓಕೆ ಕೇಳುತ್ತ ಬೆಳೆದವನು. ಮಾವನಿಗೆ ಬಸ್ರೂರರ ತಿಟ್ಟು ಹೇಗೋ, ಇವನಿಗೆ ಅಮೆರಿಕದ ಕಾನ್ಯೆ ವೆಸ್ಟ್ ಹಾಗೆ. ಒಂದು ದಿನ ಮಾವನಿಗೆ ಪಾಠ ಹೇಳಲು ಹೊರಟ. 1980ರಲ್ಲಿ ರೋಲ್ಯಾಂಡ್ ಕಂಪನಿ 808 ಎಂಬ ಡ್ರಮ್ ಮೆಷಿನ್ ತಂದದ್ದು, ಅದರ ತಗ್ಗುದನಿಯ ಗುಮ್ಮು ಇಡೀ ಹಿಪ್‌ಹಾಪಿನ ಬೆನ್ನೆಲುಬಾದದ್ದು, ಬಸ್ಸಿನ ಗಾಜು ನಡುಗುವುದು ಆ ವಂಶದ ದನಿಗೇ ಎಂದೆಲ್ಲ ವಿವರಿಸಿದ. ಮಾವ ಪೂರ್ತಿ ಕೇಳಿ, “ಮದ್ದಳಿ ಎಡ” ಎಂದರು. ಮದ್ದಳೆಯ ಎಡಮೈ ಮಾಡುವ ಕೆಲಸಕ್ಕೆ ಜಪಾನಿನವರು ಕರೆಂಟು ಸುಟ್ಟದ್ದು ಯಾಕೆ ಎಂಬುದು ಅವರಿಗೆ ಅರ್ಥವಾಗಲಿಲ್ಲ.

ಅಳಿಯ ಬಿಡಲಿಲ್ಲ. ಕಾನ್ಯೆ 2004ರ ಮೊದಲ ಆಲ್ಬಮ್ಮಿನಲ್ಲಿ ಹಳೆಯ ಸೋಲ್ ಹಾಡುಗಳ ತುಣುಕುಗಳನ್ನು ವೇಗ ಹೆಚ್ಚಿಸಿ, ದನಿ ಏರಿಸಿ ಬೀಟು ಕಟ್ಟಿದ್ದು, 2008ರಲ್ಲಿ ಅದನ್ನೆಲ್ಲ ಬದಿಗಿಟ್ಟು 808 ಹೆಸರಿನದ್ದೇ ಆಲ್ಬಮ್ ಮಾಡಿ ಆಟೋಟ್ಯೂನಿನಲ್ಲಿ ಹಾಡಿದ್ದು, ಅಭಿಮಾನಿಗಳು ‘ಇವ ಕೆಟ್ಟ’ ಎಂದೊಂದು ಪಕ್ಷ, ‘ಇವ ಬೆಳೆದ’ ಎಂದೊಂದು ಪಕ್ಷ ಆಗಿ ಇವತ್ತಿಗೂ ಕಾದಾಡುವುದು, ಎಲ್ಲವನ್ನೂ ಹೇಳಿದ.

ತಿಟ್ಟಣ್ಣನ ಕಣ್ಣು ತೇವವಾಯಿತು. ಸಾವಿರಾರು ಮೈಲಿಯಾಚೆ ತನ್ನಂಥವರು ಇದ್ದಾರೆಂದು ಆವತ್ತೇ ಗೊತ್ತಾದದ್ದು.

“ಅವಂದೂ ಮೊದ್ಲಿಂದೇ ಲಾಯ್ಕ್ ಇತ್ತ್ ಕಾಣ್.”

“ನೀವ್ ಯಾವ್ದನ್ನೂ ಕೇಂಡಿಲ್ಯಲೆ ಮಾವ!”

“ಕೇಂಬುದ್ ಎಂತಕ್ಕೆ? ಮೊದ್ಲಿನದ್ ಯಾವತ್ತೂ ಲಾಯ್ಕೇ.”

ಇಲ್ಲೊಂದು ಗುಟ್ಟು ಬಿಚ್ಚಬೇಕು. ತಿಟ್ಟಣ್ಣನ ಮನೆಯ ಕಪಾಟಿನಲ್ಲಿ ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕ್ಯಾಸೆಟ್ಟುಗಳಿವೆ. ಸುತ್ತು ಸಡಿಲಾದರೆ ಪೆನ್ಸಿಲು ತುರುಕಿ ತಿರುಗಿಸಿ ಬಿಗಿ ಮಾಡಿ ಇಟ್ಟಂಥವು. ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಯಿತು, ಆದರೂ ದೀಪಾವಳಿಗೊಮ್ಮೆ ಧೂಳು ಹೊಡೆಯುತ್ತಾರೆ. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇವರು ಎರಡು ದಿನ ಊಟ ಮಾಡಿರಲಿಲ್ಲವಂತೆ. ಇವತ್ತು ಯಾವ ಭಾಗವತರು ಬಾಯಿ ತೆರೆದರೂ “ನಾವಡ್ರ್ ತಿಟ್ಟ್ ಬಪ್ಪುದಿಲ್ಲ” ಎನ್ನುವ ಇದೇ ಮನುಷ್ಯ, ಹದಿನೆಂಟರ ಪ್ರಾಯದಲ್ಲಿ ಆ ನಾವಡರಿಗಾಗಿಯೇ ಅಪ್ಪಯ್ಯನ ಹತ್ತಿರ ಬೈಸಿಕೊಂಡವರು. ಹೊಸ ರಾಗ, ಹೊಸ ಪ್ರಸಂಗ, ಜನ ಮುಗಿಬಿದ್ದು ಟಿಕೆಟ್ ತೆಗೆಯುವ ಟೆಂಟು. ಅಪ್ಪಯ್ಯನ ಪ್ರಕಾರ ಅದು ಆಟವಲ್ಲ, ಸಿನೆಮಾ. ಆ ಅಪ್ಪಯ್ಯನಾದರೂ ಸುಮ್ಮನೆ ಇದ್ದವರೇ? ಕೋಟದ ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದಾಗ ಕಾರಂತರ ಪರ ವಾದಿಸಿ ತಮ್ಮ ಅಪ್ಪನ ಹತ್ತಿರ ದೊಣ್ಣೆಯೇಟು ತಪ್ಪಿಸಿಕೊಂಡು ಓಡಿದವರು.

ಇದನ್ನೆಲ್ಲ ತಿಟ್ಟಣ್ಣನ ತಾಯಿ, ಆ ಮನೆಯ ಮೂರು ತಲೆಮಾರಿನ ಗಂಡಸರ ಸಂಗೀತವಿಮರ್ಶೆ ಕೇಳಿ ಕಿವಿ ಮಂದವಾದ ಮುದುಕಿ, ನನಗೆ ಹೇಳಿದ್ದು. “ಇವ್ರ್ ಮನೆಯಂಗ್ ಯಾವ್ದೂ ಸಮ ಇರ್ಲಿಲ್ಲ ಮಗಾ, ಪದವೂ, ಪದಾರ್ಥವೂ” ಎಂದರು ಅಜ್ಜಿ.

2020ರ ಲಾಕ್‌ಡೌನಿನಲ್ಲಿ ತಿಟ್ಟಣ್ಣನಿಗೆ ಒಂದು ದೊಡ್ಡ ಪುರಾವೆ ಸಿಕ್ಕಿತು. ಬಸ್ರೂರರು ಊರಿಗೆ ಬಂದು ಅಪ್ಪನ ಜೊತೆ ಕುಲಕಸುಬಿನ ಕೆಲಸಕ್ಕೆ ಕೂತು ಲೋಹ ಬಡಿಯುತ್ತಿರುವ ವಿಡಿಯೊ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ತಿಟ್ಟಣ್ಣ ಅದನ್ನು ಕಣ್ಣು ಮುಚ್ಚಿ ನೋಡಿದರು, ಎಂದರೆ ಕೇಳಿದರು. ಟಣ್, ಟಣ್. “ಇದೇ, ಇದೇ!” ಎಂದು ಕೂಗಿದರು. ಉಗ್ರಂ ಆಗಲಿ, ಕೆಜಿಎಫ್ ಆಗಲಿ, ಎಲ್ಲದರ ಮೂಲ ಸುತ್ತಿಗೆ! ಅಂದಿನಿಂದ ಅವರ ವಿಮರ್ಶೆಗೆ ಒಂದು ಹೊಸ ಮಾನದಂಡ ಬಂತು. ಹಾಡು ಚೆನ್ನಾಗಿದ್ದರೆ “ಸುತ್ತಿಗಿ ಸಮ ಬಿದ್ದಿತ್ತ್”, ಇಲ್ಲದಿದ್ದರೆ “ಸುತ್ತಿಗಿ ತಪ್ಪಿತ್ತ್”. ಸುಮ್ಮನೆ ಹೇಳುವುದಲ್ಲ, ನನಗೂ ಇದು ಅವರ ಉಳಿದ ಸಿದ್ಧಾಂತಗಳಿಗಿಂತ ವಾಸಿ ಎನಿಸಿದೆ.

2022ರಲ್ಲಿ ‘ಕಾಂತಾರ’ ಬಂದಾಗ ಮಾತ್ರ ಕೆಲವು ದಿನ ತಿಟ್ಟಣ್ಣ ಕಂಗಾಲು. ಸಿನೆಮಾ ನಮ್ಮ ಕೆರಾಡಿಯ ರಿಷಬ್ ಶೆಟ್ಟಿಯದ್ದು, ಸಂಗೀತ ಘಟ್ಟದ ಮೇಲಿನ ಅಜನೀಶ್ ಲೋಕನಾಥರದ್ದು. ಹೊಗಳಿದರೆ ಬಸ್ರೂರಿಗೆ ದ್ರೋಹ, ತೆಗಳಿದರೆ ಕೆರಾಡಿಗೆ. ಕೊನೆಗೆ ಚಿತ್ರದ ಕಂಬಳದ ಬಗ್ಗೆ ಮಾತ್ರ ಮಾತಾಡಿ ಪಾರಾದರು.

ಇಷ್ಟು ಓದಿ, ತಿಟ್ಟಣ್ಣನ ಎದುರು ಬಸ್ರೂರರ ಸಂಗೀತವನ್ನು ತೆಗಳಿ ಸ್ನೇಹ ಸಂಪಾದಿಸಬಹುದೆಂದು ಯಾರಾದರೂ ಎಣಿಸಿದರೆ ಕೆಟ್ಟಿರಿ. ಕುಂದಾಪುರದ ಶಾಸ್ತ್ರಿ ಸರ್ಕಲ್ ಬಳಿಯ ಹೋಟೆಲಿನಲ್ಲಿ ಕೋಳಿ ಸುಕ್ಕ ತಿನ್ನುತ್ತಿದ್ದ ಬೆಂಗಳೂರಿನ ಪ್ರವಾಸಿಯೊಬ್ಬ ಹಾಗೆ ಎಣಿಸಿದ. ಪಕ್ಕದ ಮೇಜಿನಲ್ಲಿ ತಿಟ್ಟಣ್ಣ ಕಲಿಯುಗವರ್ಣನೆ ನಡೆಸಿದ್ದನ್ನು ಕೇಳಿ, “ಹೌದು ಸಾರ್, ಬರೀ ಗಲಾಟೆ ಆತನದ್ದು” ಎಂದುಬಿಟ್ಟ.

ಹೋಟೆಲ್ ಸ್ತಬ್ಧವಾಯಿತು. ತಿಟ್ಟಣ್ಣ ನೀರ್ದೋಸೆಯನ್ನು ತಟ್ಟೆಯಲ್ಲಿ ಬಿಟ್ಟರು.

“ಗಲಾಟೆಯಾ? ಹ್ವಾಯ್, ಗಲಾಟಿ ಮಾಡುಕೂ ಒಂದ್ ತಾಳ ಬೇಕ್. ನಿಮ್ಗ್ ಕೆಮಿ ಇತ್ತಾ?”

ಮುಂದಿನ ಮುಕ್ಕಾಲು ಗಂಟೆ ಆ ಬಡಪಾಯಿಗೆ ಕೋರಸ್ಸಿನ ಮಹತ್ವ, ಒಂದರ ಮೇಲೊಂದು ದನಿ ಪೇರಿಸುವುದರ ಕಷ್ಟ, ಮೌನ ಬಿಟ್ಟು ಗುಮ್ಮು ಕೊಡುವುದರ ಬಿಗಿ, ಎಲ್ಲ ಉಪದೇಶವಾಯಿತು. ನಾವು ಎಷ್ಟೋ ವರ್ಷದಿಂದ ಅವರಿಗೆ ಹೇಳಲು ಹೆಣಗುತ್ತಿದ್ದ ಅದೇ ಮಾತುಗಳು! ಪ್ರವಾಸಿ ಸುಕ್ಕ ಅರ್ಧಕ್ಕೆ ಬಿಟ್ಟು ಕೈ ತೊಳೆದ. ಅವನ ಬೆನ್ನು ಬಾಗಿಲು ದಾಟಿದ ಮೇಲೆ ತಿಟ್ಟಣ್ಣ ದೋಸೆ ಮಡಚುತ್ತ ನಮ್ಮ ಕಡೆ ತಿರುಗಿದರು. “ಅಲ್ಲ, ಕೋರಸ್ ಜಾಸ್ತಿಯೇ. ಆರೆ ಅದನ್ನ್ ಅವ ಹೇಳುದಾ?”

ಇಂಥ ಮನುಷ್ಯನಿಗೆ 2025ರ ಏಪ್ರಿಲ್ ಒಂದು ಅಗ್ನಿಪರೀಕ್ಷೆ. ಬಸ್ರೂರರೇ ನಿರ್ದೇಶಿಸಿದ ‘ವೀರ ಚಂದ್ರಹಾಸ’ ತೆರೆಗೆ ಬಂತು. ಯಕ್ಷಗಾನವನ್ನೇ ಸಿನೆಮಾ ಮಾಡಿದ್ದು. ವೇಷ ಕಟ್ಟಿದವರು ಮೇಳದ ಕಲಾವಿದರು. ಒಂದು ಮೈಯೊಳಗೆ ಎರಡು ಪ್ರಾಣ. ನಾವಡರ ಕ್ಯಾಸೆಟ್ ಕಾಯುವ ತಿಟ್ಟಣ್ಣನಿಗೆ ಯಕ್ಷಗಾನಕ್ಕೆ ಸಿನೆಮಾದ ಸದ್ದು ತಾಗಬಾರದು. ಉಗ್ರಂ ಕಾಲದ ತಿಟ್ಟಣ್ಣನಿಗೆ ಊರಿನ ಹುಡುಗ ಕೊನೆಗೂ ಊರಿನ ಚಂಡೆಗೆ ಬಂದದ್ದು ಹಬ್ಬ. ಇಷ್ಟು ವರ್ಷ ಅಡಿಯಲ್ಲಿತ್ತೆಂದು ಸಾಧಿಸಿದ ಚಂಡೆ ಈಗ ಮೇಲೆಯೇ ಕೂತಿದೆ, ಇನ್ನು ಹುಡುಕುವುದೇನನ್ನು?

ನಾವು ಏಳು ಜನ ಅವರ ತೀರ್ಪಿಗಾಗಿಯೇ ಜೊತೆಗೆ ಟಿಕೆಟ್ ತೆಗೆದು ಹೋದೆವು. ಅಳಿಯನೂ ಇದ್ದ. ಕತ್ತಲೆಯಲ್ಲಿ ನಾವು ನೋಡಿದ್ದು ತೆರೆಯನ್ನಲ್ಲ, ತಿಟ್ಟಣ್ಣನ ಬೆರಳನ್ನು. ಕೆಲವು ಕಡೆ ತೊಡೆಯ ಮೇಲೆ ತಾಳ ಹಾಕಿತು. ಕೆಲವು ಕಡೆ ನಿಂತಿತು. ಎರಡು ಸಲ ‘ಚ್ಚ್’ ಎಂದರು, ಒಂದು ಸಲ ಕನ್ನಡಕ ತೆಗೆದು ಒರೆಸಿದರು. ಒಟ್ಟು ಲೆಕ್ಕ ಹೇಗೆ ಹಾಕುವುದೆಂದು ತಿಳಿಯಲಿಲ್ಲ.

ಹೊರಗೆ ಬಂದೆವು. ಚಾ ಹೇಳಿದೆವು. ಅವರು ಸಕ್ಕರೆ ಕದಡಿದರು, ಕುಡಿದರು, ಲೋಟ ಇಟ್ಟರು.

“ಹೆಂಗಿತ್ತ್ ಮಾವ?” ಎಂದ ಅಳಿಯ.

“ಅಡ್ಡಿಲ್ಲ. ಆರೆ ‘ಗರ್ಗರ್ ಮಂಡ್ಲ’ದ ತಿಟ್ಟ್ ಬಪ್ಪುದಿಲ್ಲ.”

‘ಗರ್ಗರ್ ಮಂಡ್ಲ’ ಎಂದರೆ ಬಸ್ರೂರರು 2014ರಲ್ಲಿ ಕುಂದಾಪ್ರ ಕನ್ನಡದಲ್ಲೇ ನಿರ್ದೇಶಿಸಿದ ಮೊದಲ ಸಿನೆಮಾ. ಅಷ್ಟು ವರ್ಷದ ಚರ್ಚೆಯಲ್ಲಿ ಅದರ ಹೆಸರು ಅವರ ಬಾಯಲ್ಲಿ ಒಂದು ಸಲವೂ ಬಂದಿರಲಿಲ್ಲ.

“ಅದನ್ನ್ ಯಾವಾಗ ಕಂಡದ್ ನೀವ್?”

“ಕಾಣ್ಲಿಲ್ಲ. ಆಗ ನಾನ್ ಬೊಂಬಾಯಂಗಿದ್ದೆ,” ಎಂದು ತಿಟ್ಟಣ್ಣ ಎಲೆಗೆ ಸುಣ್ಣ ಸವರತೊಡಗಿದರು.