ಫ್ಯೂವರ್ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹೋದರೂ ಇವರೊಬ್ಬರು ಇದ್ದೇ ಇರುತ್ತಾರೆ. ಬೇಸಿಗೆಯ ಬೆಳಗ್ಗೆ ಸಂಘದ ಕಾರ್ಯದರ್ಶಿ ಅವಸರದಲ್ಲಿ, ಇವತ್ತು 'ಲೆಸ್ ಟ್ಯಾಂಕರ್ಸ್' ಬರುತ್ತವೆ, ನೀರು ನೋಡಿಕೊಂಡು ಬಳಸಿ ಎಂಬರ್ಥದ ಒಂದು ಇಂಗ್ಲಿಷ್ ಸಾಲು ಹಾಕುತ್ತಾರೆ. ಉಳಿದವರು ಬಕೆಟ್ ಹುಡುಕುವಷ್ಟರಲ್ಲಿ ಇವರ ಉತ್ತರ ಬಂದಿರುತ್ತದೆ: ಒಂದು ನಕ್ಷತ್ರಚಿಹ್ನೆ, ಅದರ ಪಕ್ಕದಲ್ಲಿ 'ಫ್ಯೂವರ್'. ಅಷ್ಟೇ. ಅದರಿಂದ ಟ್ಯಾಂಕರೇನೂ ಹೆಚ್ಚುವುದಿಲ್ಲ. ಇವರನ್ನು ಫ್ಯೂವರ್ ರಾಯರು ಎನ್ನೋಣ. ಜಾತಿ, ವಯಸ್ಸು ನೋಡಿ ಇಟ್ಟ ಹೆಸರಲ್ಲ. ಬ್ಯಾಂಕಿನಿಂದ ನಿವೃತ್ತರಾದವರಲ್ಲಿ ಈ ರಾಯರಿದ್ದಾರೆ, ಸಾಫ್ಟ್‌ವೇರ್ ಕಂಪನಿಯ ಮೂವತ್ತರ ಹರೆಯದ ಮ್ಯಾನೇಜರಮ್ಮನೊಳಗೂ ಇದ್ದಾರೆ. ಲಂಡನ್ನಿನಲ್ಲಂತೂ ಇವರದು ದೊಡ್ಡ ಬಳಗ. ಇವರು ಕೆಟ್ಟವರಲ್ಲ. ಸಾಲ ಕೇಳಿದರೆ ಕೊಡುತ್ತಾರೆ, ಕೇಳಿದವರ ವ್ಯಾಕರಣ ತಿದ್ದಿದ ಮೇಲೆ.

ರಾಯರ ಸೂತ್ರ ಇಷ್ಟು: ಎಣಿಸಬಹುದಾದದ್ದಕ್ಕೆ ಫ್ಯೂವರ್, ಎಣಿಸಲಾಗದ್ದಕ್ಕೆ ಲೆಸ್. ಟ್ಯಾಂಕರ್ ಫ್ಯೂವರ್, ನೀರು ಲೆಸ್. ಇದನ್ನು ಅವರು ಅಪೌರುಷೇಯವೆಂದೇ ನಂಬಿದ್ದಾರೆ. ಆದರೆ ಇದಕ್ಕೊಬ್ಬ ಪುರುಷನಿದ್ದಾನೆ, ಇಸವಿಯೂ ಇದೆ. ರಾಬರ್ಟ್ ಬೇಕರ್ ಎಂಬ ಇಂಗ್ಲಿಷಿನವನು 1770ರಲ್ಲಿ ಪ್ರಕಟಿಸಿದ ಭಾಷಾವಿಮರ್ಶೆಯ ಪುಸ್ತಕದಲ್ಲಿ, ಸಂಖ್ಯೆಯ ವಿಷಯ ಬಂದಾಗ ಜನ ಸಾಮಾನ್ಯವಾಗಿ 'ಲೆಸ್' ಎನ್ನುತ್ತಾರೆ, ತನಗೆ 'ಫ್ಯೂವರ್' ಚೆಂದವೆನಿಸುತ್ತದೆ ಎಂದು ಬರೆದ. ಬರೆದದ್ದು ತನ್ನ ಅಭಿರುಚಿ. ಮುಂದಿನ ವ್ಯಾಕರಣಕಾರರು ಅದನ್ನು ಶಾಸನ ಮಾಡಿದರು. ಅದಕ್ಕಿಂತ ಸುಮಾರು ಒಂಬೈನೂರು ವರ್ಷ ಹಿಂದೆ, 9ನೇ ಶತಮಾನದಲ್ಲಿ, ಇಂಗ್ಲಿಷರ ಆಲ್ಫ್ರೆಡ್ ದೊರೆಯ ಹೆಸರಿನಲ್ಲಿರುವ, ರೋಮನ್ ತತ್ತ್ವಜ್ಞಾನಿ ಬೊಯಿಥಿಯಸ್‌ನ ಗ್ರಂಥದ ಅನುವಾದದಲ್ಲಿ ಪದಗಳ ಎಣಿಕೆಗೆ 'ಲೆಸ್'ನ ಹಳೆಯ ರೂಪವೇ ಬಳಕೆಯಾಗಿದೆ. ರಾಯರು ಆ ಆಸ್ಥಾನದಲ್ಲಿದ್ದಿದ್ದರೆ ದೊರೆಯನ್ನೂ ತಿದ್ದುತ್ತಿದ್ದರೆ? ನನಗೆ ಅನುಮಾನ. ರಾಯರ ತಿದ್ದುಪಡಿ ಯಾವಾಗಲೂ ಕೆಳಮುಖವಾಗಿ ಹರಿಯುತ್ತದೆ, ಎಂ.ಡಿ. ಸಾಹೇಬರು ಸಭೆಯಲ್ಲಿ 'ಲೆಸ್ ಪೀಪಲ್' ಎಂದಾಗ ಅವರು ಟಿಪ್ಪಣಿ ಬರೆದುಕೊಳ್ಳುವುದರಲ್ಲಿ ಮಗ್ನರಾಗಿರುತ್ತಾರೆ. ಅವರ ಕಪಾಟಿನಲ್ಲಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣಕ್ಕೆ ಸವೆದು ಸವೆದು ಬೆನ್ನಿನ ಹೊದಿಕೆಯೇ ಉಳಿದಿಲ್ಲ. ಆ ರೆನ್ ಮಹಾಶಯ 1924ರಲ್ಲಿ 'ಬೋ ಜೆಸ್ಟ್' ಎಂಬ ಭರ್ಜರಿ ಸಾಹಸ ಕಾದಂಬರಿಯನ್ನೂ ಬರೆದಿದ್ದರು. ರಾಯರು ಅದನ್ನು ಓದಿಲ್ಲ, ಅದರಲ್ಲಿ ಅಭ್ಯಾಸಪಾಠಗಳಿಲ್ಲ.

ಸೂತ್ರವನ್ನು ಅದರ ಮಾತಿಗೇ ಕಟ್ಟಿಹಾಕಿ ನೋಡಿದರೆ ಇನ್ನೂ ಮಜಾ. ರೂಪಾಯಿಯನ್ನು ಎಣಿಸಬಹುದು, ರಾಯರು ಬೆರಳಿಗೆ ಎಂಜಲು ಹಚ್ಚಿ ಎರಡೆರಡು ಸಲ ಎಣಿಸುತ್ತಾರೆ. ಆದರೂ ಐನೂರು ರೂಪಾಯಿಗಿಂತ ಕಡಿಮೆ ಎನ್ನಲು ಅವರಿಗೆ 'ಲೆಸ್ ದ್ಯಾನ್' ಬೇಕು. ಕಿಲೋಮೀಟರಿಗೂ ಲೆಸ್, ವರ್ಷಕ್ಕೂ ಲೆಸ್, ಕಿಲೋಗ್ರಾಮಿಗೂ ಲೆಸ್. ಕೇಳಿದರೆ ಹಣ, ದೂರ, ಕಾಲ, ತೂಕಗಳಿಗೆ ವಿನಾಯಿತಿ ಇದೆ ಎನ್ನುತ್ತಾರೆ. ಮನುಷ್ಯ ದಿನವಿಡೀ ಎಣಿಸುವುದೇ ಇವನ್ನು; ಇವಿಷ್ಟಕ್ಕೂ ವಿನಾಯಿತಿ ಕೊಟ್ಟ ಮೇಲೆ ಸೂತ್ರ ಕಾಯಲು ಉಳಿದದ್ದು ಟ್ಯಾಂಕರು ಮತ್ತು ಬಕೆಟ್ಟು. ಇನ್ನು ಹೆಚ್ಚಿನ ಕಡೆಗೆ ಬನ್ನಿ. ನೀರಿಗೂ 'ಮೋರ್', ಟ್ಯಾಂಕರಿಗೂ 'ಮೋರ್'. ಒಂದೇ ಪದ ಎರಡನ್ನೂ ನಿಭಾಯಿಸುತ್ತಿದೆ, ಅದರಿಂದ ಇಂಗ್ಲಿಷ್ ಲೋಕದಲ್ಲಿ ಯಾರೂ ದಾರಿ ತಪ್ಪಿಲ್ಲ. ಹೆಚ್ಚಿದಾಗ ಬಾಧಿಸದ ಗೊಂದಲ ಕಡಿಮೆಯಾದಾಗ ಮಾತ್ರ ಹೇಗೆ ಬಾಧಿಸುತ್ತದೆ? ಬ್ರಿಟನ್ನಿನಲ್ಲಿ ಟೆಸ್ಕೊ ಅಂಗಡಿಗಳ ಬೇಗ ಹಣ ಕಟ್ಟುವ ಸಾಲಿನ ಮೇಲಿದ್ದ 'ಟೆನ್ ಐಟಮ್ಸ್ ಆರ್ ಲೆಸ್' ಫಲಕದ ಮೇಲೆ ಅಲ್ಲಿನ ರಾಯರುಗಳು ಬಹುಕಾಲ ಹಲ್ಲು ಮಸೆದರು. 2008ರಲ್ಲಿ ಕಂಪನಿ ಫಲಕ ಬದಲಿಸಿತು. ಹೊಸ ಫಲಕದಲ್ಲಿದ್ದದ್ದು 'ಅಪ್ ಟು ಟೆನ್ ಐಟಮ್ಸ್'. ಲೆಸ್ಸೂ ಇಲ್ಲ, ಫ್ಯೂವರ್ರೂ ಇಲ್ಲ! ಹಳೆಯ ಫಲಕ ನೋಡಿ ಬುಟ್ಟಿಯಲ್ಲಿ ಎಷ್ಟು ಸಾಮಾನಿರಬೇಕೆಂದು ತಿಳಿಯದೆ ನಿಂತ ಗಿರಾಕಿ ಒಬ್ಬನೂ ಇದ್ದಿರಲಾರ.

ರಾಯರು ಇಷ್ಟಕ್ಕೆ ಸೋಲೊಪ್ಪುವವರಲ್ಲ. ಸೂಕ್ಷ್ಮ ಭೇದಗಳನ್ನು ಬಿಡುತ್ತಾ ಹೋದರೆ ಭಾಷೆ ಮೊಂಡಾಗುವುದಿಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. 'ಲೆಸ್ ಕ್ವಾಲಿಫೈಡ್ ಡಾಕ್ಟರ್ಸ್' ಎಂದರೆ ಅರ್ಹತೆ ಸಾಲದ ವೈದ್ಯರು. 'ಫ್ಯೂವರ್' ಎಂದರೆ ಅರ್ಹ ವೈದ್ಯರ ಸಂಖ್ಯೆಯೇ ಇಳಿದಿದೆ. ಆಸ್ಪತ್ರೆಗೆ ಹೊರಟವನಿಗೆ ಇದು ತಿಳಿಯಬೇಕಾದ ಸಂಗತಿ. 'ಡಿಸಿಂಟರೆಸ್ಟೆಡ್', 'ಅನಿಂಟರೆಸ್ಟೆಡ್' ಜೋಡಿಯೂ ಹಾಗೆಯೇ: ನ್ಯಾಯಾಧೀಶರು ಮೊದಲನೆಯದಾಗಿರಬೇಕು, ಅಂದರೆ ಸ್ವಂತ ಲಾಭವಿಲ್ಲದವರು, ಎರಡನೆಯದಾಗಿ ಆಕಳಿಸತೊಡಗಿದರೆ ಕಕ್ಷಿದಾರನ ಗತಿ ಮುಗಿಯಿತು. ಈ ಭೇದಕ್ಕಾಗಿ ಹೋರಾಡಿದರೆ ನಾನೂ ರಾಯರ ಹಿಂದೆ ನಿಲ್ಲುತ್ತೇನೆ, ಆದರೆ ಇದು ಅನಾದಿಯೆಂದು ಒಪ್ಪುವುದಿಲ್ಲ. 17ನೇ ಶತಮಾನದಲ್ಲಿ ಇವೆರಡೂ ಅದಲುಬದಲಾಗಿ ಕೂತಿದ್ದವು: ಕವಿ ಜಾನ್ ಡನ್ 'ಡಿಸಿಂಟರೆಸ್ಟೆಡ್' ಪದವನ್ನು ಆಸಕ್ತಿಯಿಲ್ಲದ್ದು ಎಂಬರ್ಥದಲ್ಲಿ ಬಳಸಿದ್ದ, 'ಅನಿಂಟರೆಸ್ಟೆಡ್' ಪದಕ್ಕೆ ಪಕ್ಷಪಾತವಿಲ್ಲದ್ದು ಎಂಬರ್ಥವಿತ್ತು. ನೋಡಬೇಕಾದದ್ದು ಬೇರೆ. ಅರ್ಥ ನಿಜವಾಗಿ ಕೆಡುವ ಇಂಥ ಕಡೆ ರಾಯರು ಸಿಗುವುದೇ ಇಲ್ಲ. ಡಿಸಿಂಟರೆಸ್ಟೆಡ್ ತಪ್ಪಾಯಿತೇ ಎಂದು ತಿಳಿಯಲು ಇಡೀ ವಾಕ್ಯ ಓದಿ, ಬರೆದವನ ಮನಸ್ಸು ಹೊಕ್ಕು ಬರಬೇಕು. ಲೆಸ್ ತಪ್ಪಾಯಿತೇ ಎಂದು ತಿಳಿಯಲು ಮುಂದಿನ ಪದದ ಕೊನೆಯಲ್ಲಿ 'ಎಸ್' ಇದೆಯೇ ಎಂದು ನೋಡಿದರೆ ಸಾಕು. ಹೆಲ್ಮೆಟ್ ಇಲ್ಲದವನನ್ನು ಮಾತ್ರ ಹಿಡಿಯುವ ಟ್ರಾಫಿಕ್ ಪೊಲೀಸನಂತೆ, ರಾಯರು ದೂರದಿಂದಲೇ ಕಾಣುವ ಅಪರಾಧವನ್ನು ಆರಿಸಿಕೊಂಡಿದ್ದಾರೆ.

ಹಾಗಾದರೆ ಮಕ್ಕಳಿಗೆ ಈ ಸೂತ್ರ ಕಲಿಸುವುದೇ ಬೇಡವೇ ಎಂದು ಮೇಷ್ಟರುಗಳು ಕೇಳಬಹುದು. ಖಂಡಿತ ಕಲಿಸಿ, ಇಂಗ್ಲಿಷಿನ ಸಭಾಮರ್ಯಾದೆ ಎಂದು ಕಲಿಸಿ. ಮದುವೆ ಊಟಕ್ಕೆ ಪಂಚೆ ಉಡುವುದು ರೂಢಿ ಎಂದರೆ ಯಾರ ತಕರಾರೂ ಇಲ್ಲ. ಪ್ಯಾಂಟು ಹಾಕಿದವನಿಗೆ ಅನ್ನ ಜೀರ್ಣವಾಗುವುದಿಲ್ಲ ಎಂದಾಗ ತಕರಾರು ಶುರು. ರಾಯರು ಹೇಳುತ್ತಿರುವುದು ಈ ಎರಡನೆಯದನ್ನು. ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಗೆಳೆಯರ ನಡುವೆ ನಿಮಗೆ ತೋಚಿದ್ದನ್ನು ಬಳಸಿ. ಕೆಲಸದ ಅರ್ಜಿಯಲ್ಲಿ ಮಾತ್ರ, ರಾಯರ ವಿನಾಯಿತಿಗಳನ್ನು ಬಿಟ್ಟು, ಎಣಿಸಬಹುದಾದದ್ದಕ್ಕೆಲ್ಲ ಫ್ಯೂವರ್ ಎಂದೇ ಬರೆಯಿರಿ. ಸಂದರ್ಶನ ಮಂಡಳಿಯಲ್ಲಿ ಒಬ್ಬರಾದರೂ ರಾಯರು ಇರುತ್ತಾರೆ.